ಡಚ್ ಚಿನ್ನದ ನಾಣ್ಯಗಳ ಸಂಗ್ರಹ: ಮೊದಲ ಡುಕಾಟ್ ಕೊಳ್ಳುವ ಮುನ್ನ

ನೆದರ್ಲೆಂಡ್ಸಿಗೆ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರಿಂದಲೂ ಊರಿನಲ್ಲಿ ನಾಣ್ಯ ಸಂಗ್ರಹಿಸುವವರಿಂದಲೂ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು. ಹಳೆಯ ಡಚ್ ಚಿನ್ನದ ನಾಣ್ಯ ಕೊಳ್ಳಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ ಎಂಬುದು ಮೊದಲನೆಯದು. ಅಜ್ಜಿಯ ಪುತಳಿ ಸರದಲ್ಲಿ ಇರುವುದು ಡಚ್ ನಾಣ್ಯವೇ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಒಂದೇ ಕಡೆ ಸಿಗಲೆಂದು ಈ ಲೇಖನವನ್ನು ಹಂತ ಹಂತವಾಗಿ ಬರೆದಿದ್ದೇನೆ. ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ನಾಣ್ಯಗಳ ಮೇಲೆ ಏನು ಬರೆದಿದೆ ಎಂಬುದನ್ನು ಅಕ್ಷರ ಬಿಡಿಸಿ ಓದಲು ಕಲಿಯುವವರೆಗೆ ಒಂದನ್ನೂ ಕೊಳ್ಳಬೇಡಿ. ಓದಲು ಕಲಿಯುವುದು ಕಷ್ಟವಲ್ಲ. ನಾಲ್ಕಾರು ಸಂಜೆಗಳ ಕೆಲಸ ಅಷ್ಟೆ.

1. ಯಾವ ನಾಣ್ಯವನ್ನು ಸಂಗ್ರಹಿಸುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ

"ಡಚ್ ಚಿನ್ನದ ನಾಣ್ಯ" ಎಂಬ ಒಂದೇ ಹೆಸರಿನಡಿ ನಾಲ್ಕು ಶತಮಾನಗಳ ಸರಕು ಸೇರಿಕೊಂಡಿದೆ. ಹೊಸಬರು ಎರಡು ಬಗೆಗಳನ್ನು ಚೆನ್ನಾಗಿ ತಿಳಿದುಕೊಂಡರೆ ಸಾಕು, ಉಳಿದವು ತಾವಾಗಿ ಪರಿಚಯವಾಗುತ್ತವೆ.

ಮೊದಲನೆಯದು ಡುಕಾಟ್. ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದುನಿಂತ ಏಳು ಪ್ರಾಂತ್ಯಗಳು ಸೇರಿ ಕಟ್ಟಿದ ಗಣರಾಜ್ಯದಲ್ಲಿ 1586ರಲ್ಲಿ ಈ ನಾಣ್ಯ ಆರಂಭವಾಯಿತು. ಇದು ವ್ಯಾಪಾರಕ್ಕೆಂದೇ ಹುಟ್ಟಿದ ನಾಣ್ಯ. ಬಾಲ್ಟಿಕ್ ಸಮುದ್ರತೀರದ ಧಾನ್ಯಕ್ಕೆ, ರಷ್ಯದ ಸರಕಿಗೆ, ಏಷ್ಯದ ಮೆಣಸು ಮತ್ತು ಬಟ್ಟೆಗೆ ಬೆಲೆಯಾಗಿ ಹಡಗು ಹಡಗಾಗಿ ಹೋದದ್ದು ಇದೇ. ದೂರದ ಊರಿನ ವರ್ತಕನೂ ತೂಗಿ ನೋಡದೆ ನಂಬಬೇಕಾಗಿದ್ದರಿಂದ ಅದರ ತೂಕ ಮತ್ತು ಶುದ್ಧತೆಯನ್ನು ಬಹುಮಟ್ಟಿಗೆ ಬದಲಿಸದೆ ಉಳಿಸಿಕೊಂಡು ಬರಲಾಯಿತು. ಈಗಿನ ಅಳತೆಯಲ್ಲಿ ತೂಕ 3.494 ಗ್ರಾಂ, ಚಿನ್ನದ ಪಾಲು ಸಾವಿರಕ್ಕೆ 983, ವ್ಯಾಸ ಸುಮಾರು 21 ಮಿ.ಮೀ. ನಮ್ಮ ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ ಎಂಬುದನ್ನು ನೆನಪಿಸಿಕೊಂಡರೆ ಕರಾವಳಿಯ ವರ್ತಕರಿಗೆ ಡುಕಾಟ್ ಏಕೆ ಕೈಗೆ ಒಗ್ಗಿತು ಎಂಬುದು ಅರ್ಥವಾದೀತು. ಇದರ ಇಮ್ಮಡಿ ತೂಕದ ಜೋಡಿ ಡುಕಾಟ್ ಕೂಡ ಇದೆ.

ಎರಡನೆಯದು ಹತ್ತು ಗುಲ್ಡೆನ್ ನಾಣ್ಯ. ಗುಲ್ಡೆನ್ ಎಂದರೆ ಯೂರೋ ಬರುವ ಮುನ್ನ ನೆದರ್ಲೆಂಡ್ಸಿನಲ್ಲಿ ಚಲಾವಣೆಯಲ್ಲಿದ್ದ ಹಣ. ಕನ್ನಡದ ಹಳೆಯ ಪಠ್ಯಗಳಲ್ಲಿ ಇದನ್ನು ಗಿಲ್ಡರ್ ಎಂದು ಓದಿರುತ್ತೀರಿ. ಹತ್ತರ ನಾಣ್ಯವನ್ನು ಡಚ್ಚರು ಅಕ್ಕರೆಯಿಂದ "ಟೀಂತ್ಯೆ" ಎನ್ನುತ್ತಾರೆ. ಈ ಲೇಖನದಲ್ಲಿಯೂ ಅದೇ ಹೆಸರನ್ನು ಬಳಸುತ್ತೇನೆ. ತೂಕ 6.729 ಗ್ರಾಂ, ಚಿನ್ನದ ಪಾಲು ಸಾವಿರಕ್ಕೆ 900, ವ್ಯಾಸ 22.5 ಮಿ.ಮೀ. ದೊರೆ ಒಂದನೆಯ ವಿಲ್ಲೆಮ್‌ನ ಕಾಲದಲ್ಲಿ, 1818ರಿಂದ, ಇದು ಸಿಗುತ್ತದೆ. 1847ರ ಕಾನೂನಿನಿಂದ ದೇಶ ಬೆಳ್ಳಿಯ ಪ್ರಮಾಣಕ್ಕೆ, ಅಂದರೆ ಹಣದ ಮೌಲ್ಯವನ್ನು ಬೆಳ್ಳಿಗೆ ಕಟ್ಟುವ ಪದ್ಧತಿಗೆ, ಹೋಗಿ, 1875ರಲ್ಲಿ ಚಿನ್ನಕ್ಕೆ ಮರಳಿದ ಮೇಲೆ ಟೀಂತ್ಯೆ ದೊಡ್ಡ ಸಂಖ್ಯೆಯಲ್ಲಿ ಅಚ್ಚಾಯಿತು. 1933ರದು ಕೊನೆಯದು. 1936ರಲ್ಲಿ ನೆದರ್ಲೆಂಡ್ಸ್ ಚಿನ್ನದ ಪ್ರಮಾಣವನ್ನೇ ಕೈಬಿಟ್ಟಿತು.

ಇವೆರಡರ ಜೊತೆಗೆ, ಮುಂದೆ ಕೈ ಪಳಗಿದ ಮೇಲೆ ನೋಡಬಹುದಾದವು ಹಲವು. ಕತ್ತಿ ಹಿರಿದ ಕುದುರೆ ಸವಾರನಿರುವ 14 ಗುಲ್ಡೆನ್‌ನ "ರೈಡರ್" 18ನೇ ಶತಮಾನದ ಮಧ್ಯಭಾಗದ ಸುಂದರ ನಾಣ್ಯ. ನೆಪೋಲಿಯನ್ನನ ತಮ್ಮ ಲೂಯಿ 1806ರಿಂದ 1810ರವರೆಗೆ ಹಾಲೆಂಡಿನ ದೊರೆಯಾಗಿದ್ದಾಗ ಹೊರಟ ನಾಣ್ಯಗಳು ವಿರಳ. ದೇಶ ಫ್ರಾನ್ಸಿಗೆ ಸೇರಿಹೋಗಿದ್ದ ಕಾಲದಲ್ಲಿ ಉತ್ರೆಕ್ಟ್ ಟಂಕಸಾಲೆಯಲ್ಲಿ ಅಚ್ಚಾದ 20 ಫ್ರಾಂಕಿನ ನಾಣ್ಯದ ಮೇಲೆ ಮೀನು ಮತ್ತು ಹಡಗಿನ ಪಟಸ್ತಂಭದ ಗುರುತುಗಳಿರುತ್ತವೆ; ಫ್ರೆಂಚ್ ನಾಣ್ಯವೆಂದೇ ಮಾರಾಟವಾಗುವ ಇವುಗಳಲ್ಲಿ ಡಚ್ ಚರಿತ್ರೆಯ ಒಂದು ಪುಟವಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯು ಪುಲಿಕಾಟ್ ಮತ್ತು ನಾಗಪಟ್ಟಣಗಳಲ್ಲಿ ಅಚ್ಚು ಹಾಕಿಸಿದ ವರಹಗಳೂ ಇವೆ. ಅವುಗಳ ಮೇಲೆ ಡಚ್ ಅಕ್ಷರಗಳ ಬದಲು ಹಿಂದೂ ದೇವತೆಯ ಆಕೃತಿ ಇರುವುದರಿಂದ ಗುರುತಿಸಲು ಬೇರೆಯೇ ಅಭ್ಯಾಸ ಬೇಕು. ಹೊಸಬರು ಅವನ್ನು ಸದ್ಯಕ್ಕೆ ಬಿಟ್ಟಿರುವುದೇ ಲೇಸು.

ನನ್ನ ಸಲಹೆ ಇಷ್ಟು: ಮೊದಲ ನಾಣ್ಯವಾಗಿ 1911ರ ನಂತರದ ಒಂದು ಟೀಂತ್ಯೆ ಕೊಳ್ಳಿ. ಬಹಳ ಸಂಖ್ಯೆಯಲ್ಲಿ ಉಳಿದಿರುವುದರಿಂದ ಚಿನ್ನದ ಬೆಲೆಗೆ ಹತ್ತಿರದಲ್ಲೇ ಸಿಗುತ್ತದೆ, ತಪ್ಪಿದರೂ ನಷ್ಟ ಕಡಿಮೆ. ಎರಡನೆಯದಾಗಿ 18ನೇ ಶತಮಾನದ ಒಂದು ಡುಕಾಟ್ ಇರಲಿ.

2. ಬೇಕಾದ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ, 0.001 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಒಂದು ಗಾಜಿನ ಲೋಟ ಮತ್ತು ತೆಳುವಾದ ದಾರ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿದ ಮೇಜು ಬೇಕು, ಏಕೆಂದರೆ ಡುಕಾಟ್‌ನ ಚಿನ್ನ ಬಹಳ ಮೃದು. ಅದು ಗ್ರಾನೈಟ್ ನೆಲಕ್ಕೆ ಒಮ್ಮೆ ಬಿದ್ದರೆ ಅಂಚಿನಲ್ಲಿ ಆದ ನೆಗ್ಗನ್ನು ಯಾರೂ ಸರಿಮಾಡಲಾರರು.

3. ಡುಕಾಟನ್ನು ಓದಿ

ಲೂಪ್ ಹಿಡಿದು ನಿಧಾನವಾಗಿ ನೋಡಿ. ಮುಂಬದಿಯಲ್ಲಿ ಕವಚ ತೊಟ್ಟು ನಿಂತ ಯೋಧನಿದ್ದಾನೆ. ಬಲಗೈಯಲ್ಲಿ ಹೆಗಲಿಗೆ ಒರಗಿಸಿದ ಕತ್ತಿ, ಎಡಗೈಯಲ್ಲಿ ಬಾಣಗಳ ಕಟ್ಟು. ಆ ಕಟ್ಟು ಒಂದಾದ ಏಳು ಪ್ರಾಂತ್ಯಗಳ ಸಂಕೇತ. ಇಸವಿಯ ನಾಲ್ಕು ಅಂಕಿಗಳು ಎರಡೆರಡಾಗಿ ಯೋಧನ ಇಕ್ಕೆಲಗಳಲ್ಲಿ ಹಂಚಿಹೋಗಿರುತ್ತವೆ. ಎಡಕ್ಕೆ 17, ಬಲಕ್ಕೆ 24 ಎಂದಿದ್ದರೆ ಅದು 1724. ಸುತ್ತಲೂ ಲ್ಯಾಟಿನ್ ಭಾಷೆಯ ಬರಹವಿದೆ: "ಕಾನ್‌ಕಾರ್ಡಿಯಾ ರೆಸ್ ಪಾರ್ವೆ ಕ್ರೆಸ್ಕುಂಟ್". ಒಗ್ಗಟ್ಟಿದ್ದರೆ ಸಣ್ಣವೂ ಬೆಳೆಯುತ್ತವೆ ಎಂದು ಅದರ ಅರ್ಥ. ಜಾಗ ಸಾಲದ್ದರಿಂದ ಪದಗಳನ್ನು "ಪಾರ್ ಕ್ರೆಸ್" ಎಂಬಂತೆ ಮೊಟಕು ಮಾಡಿರುತ್ತಾರೆ.

ಆ ಬರಹದ ಕೊನೆಯಲ್ಲಿ ಬರುವ ಮೂರು, ನಾಲ್ಕು ಅಕ್ಷರಗಳೇ ಸಂಗ್ರಾಹಕನಿಗೆ ಮುಖ್ಯ. ನಾಣ್ಯ ಯಾವ ಪ್ರಾಂತ್ಯದ್ದು ಎಂಬುದನ್ನು ಅವು ಹೇಳುತ್ತವೆ. "ಹಾಲ್" ಎಂದರೆ ಹಾಲೆಂಡ್, "ಜೆಲ್" ಎಂದರೆ ಜೀಲೆಂಡ್, "ಗೆಲ್" ಎಂದರೆ ಗೆಲ್ಡರ್‌ಲೆಂಡ್, "ಫ್ರಿ" ಎಂದರೆ ಫ್ರೀಸ್‌ಲೆಂಡ್, "ವೆಸ್ಟ್‌ಫ್" ಎಂದರೆ ವೆಸ್ಟ್ ಫ್ರೀಸ್‌ಲೆಂಡ್. ಹೊಸಬರು ಎಡವುವುದು ಉಳಿದೆರಡರಲ್ಲಿ. "ಟ್ರಾ" ಎಂದರೆ ಉತ್ರೆಕ್ಟ್, ಏಕೆಂದರೆ ಆ ಊರಿನ ಲ್ಯಾಟಿನ್ ಹೆಸರು ಟ್ರಾಯೆಕ್ಟುಮ್. "ಟ್ರಾನ್ಸಿ" ಎಂದರೆ ಓವರ್‌ಐಸೆಲ್, ಅಂದರೆ ಐಸೆಲ್ ನದಿಯ ಆಚೆಯ ನಾಡು. ಉತ್ರೆಕ್ಟಿನ ಡುಕಾಟ್ ಸುಲಭವಾಗಿ ಸಿಗುತ್ತದೆ. ಅದನ್ನೇ ಓವರ್‌ಐಸೆಲ್‌ನದೆಂದು ತಿಳಿದು ಹೆಚ್ಚು ಹಣ ಕೊಟ್ಟವರನ್ನು ನೋಡಿದ್ದೇನೆ.

ಹಿಂಬದಿಯಲ್ಲಿ ಅಲಂಕಾರದ ಚೌಕಟ್ಟಿನೊಳಗೆ ಐದು ಸಾಲುಗಳ ಬರಹವಿದೆ, ಶಿಲಾಶಾಸನದ ಹಲಗೆಯಂತೆ. "ಮೋ ಓರ್ಡ್ ಪ್ರೊವಿನ್ ಫೊಎಡೆರ್ ಬೆಲ್ಗ್ ಆಡ್ ಲೆಗ್ ಇಂಪ್" ಎಂಬ ಮೊಟಕು ಪದಗಳನ್ನು ಬಿಡಿಸಿದರೆ "ಸಾಮ್ರಾಜ್ಯದ ಕಾನೂನಿನಂತೆ, ಒಕ್ಕೂಟದ ಪ್ರಾಂತ್ಯಗಳ ಸಭೆಗಳ ನಾಣ್ಯ" ಎಂದಾಗುತ್ತದೆ. ಇಲ್ಲಿ ಸಾಮ್ರಾಜ್ಯವೆಂದರೆ ಪವಿತ್ರ ರೋಮನ್ ಸಾಮ್ರಾಜ್ಯ. ಅಲ್ಲಿ ನಿಗದಿಯಾದ ತೂಕಕ್ಕೂ ಶುದ್ಧತೆಗೂ ಈ ನಾಣ್ಯ ಬದ್ಧವಾಗಿದೆ ಎಂಬ ಭರವಸೆ ಅದು. ಈ ಐದು ಸಾಲುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ನಕಲಿ ಡುಕಾಟ್‌ಗಳಲ್ಲಿ ಮೊದಲು ಕೆಡುವುದು ಈ ಬರಹವೇ: ಅಕ್ಷರ ಉಬ್ಬಿರುತ್ತದೆ, ಒಂದು ಅಕ್ಷರ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ, ಇಲ್ಲವೆ ಅರ್ಥವಿಲ್ಲದ ಅಕ್ಷರ ನುಸುಳಿರುತ್ತದೆ.

ಪುತಳಿ ಸರದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ನಮ್ಮ ಪುತಳಿಗಳು ಬಹುಪಾಲು ವೆನಿಸ್ ನಗರದ ಡುಕಾಟ್‌ಗಳ ಅಥವಾ ಅವನ್ನು ನೋಡಿ ನಮ್ಮ ಅಕ್ಕಸಾಲಿಗರೇ ಮಾಡಿದ ಬಿಲ್ಲೆಗಳ ವಂಶಕ್ಕೆ ಸೇರಿದವು. ವೆನಿಸ್ಸಿನದರಲ್ಲಿ ಒಂದು ಕಡೆ ಇಬ್ಬರಿರುತ್ತಾರೆ, ಸಂತ ಮಾರ್ಕನ ಮುಂದೆ ಮಂಡಿಯೂರಿದ ನಗರಾಧಿಪತಿ. ಇನ್ನೊಂದು ಕಡೆ ಚುಕ್ಕಿಗಳ ನಡುವೆ ಅಂಡಾಕಾರದ ಪ್ರಭೆಯಲ್ಲಿ ನಿಂತ ಕ್ರಿಸ್ತ. ಡಚ್ ಡುಕಾಟ್‌ನಲ್ಲಿ ಯೋಧ ಒಬ್ಬನೇ, ಹಿಂಬದಿಯಲ್ಲಿ ಬರಹದ ಹಲಗೆ. ನಿಮ್ಮ ಮನೆಯ ಬಿಲ್ಲೆಯಲ್ಲಿ ಇಬ್ಬರು ಕಾಣುತ್ತಿದ್ದರೆ ಅದು ಡಚ್ ನಾಣ್ಯವಲ್ಲ. ಹಾಗೆಂದು ಅದನ್ನು ಕರಗಿಸಲು ಹೋಗಬೇಡಿ, ಅದಕ್ಕೂ ಅದರದೇ ಚರಿತ್ರೆಯಿದೆ.

ಇನ್ನೊಂದು ಸಂಗತಿ. ಡಚ್ ಡುಕಾಟ್‌ಗೆ ಎಷ್ಟು ಬೆಲೆಯಿತ್ತೆಂದರೆ ಬೇರೆ ದೇಶಗಳು ಅದನ್ನೇ ಅಚ್ಚು ಹಾಕಿದವು. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಟಂಕಸಾಲೆಯಲ್ಲಿ 1735ರಿಂದ 1868ರವರೆಗೆ ಡಚ್ ಡುಕಾಟ್‌ಗಳು ಗುಟ್ಟಾಗಿ ತಯಾರಾಗುತ್ತಿದ್ದವು, ಡಚ್ ಸರ್ಕಾರ ಆಕ್ಷೇಪಿಸಿದ ಮೇಲೆ ನಿಂತವು. ಪೋಲೆಂಡಿನಲ್ಲಿ ರಷ್ಯದ ವಿರುದ್ಧ ದಂಗೆ ಎದ್ದಾಗ, 1831ರಲ್ಲಿ, ವಾರ್ಸಾದಲ್ಲಿ ಅಚ್ಚಾದ ಡುಕಾಟ್‌ನಲ್ಲಿ ಯೋಧನ ಪಕ್ಕ ಪುಟ್ಟ ಹದ್ದಿನ ಗುರುತಿದೆ. ಇವು ಒಳ್ಳೆಯ ಚಿನ್ನದ, ಚರಿತ್ರೆಯಲ್ಲಿ ತಮ್ಮದೇ ಸ್ಥಾನವುಳ್ಳ ನಾಣ್ಯಗಳು. ಈಗಿನ ಮೋಸದ ನಕಲಿಗಳ ಸಾಲಿಗೆ ಸೇರಿಸಬಾರದು.

ಈಗಲೂ ಡುಕಾಟ್ ಅಚ್ಚಾಗುತ್ತಿದೆ ಎಂಬುದನ್ನು ಮರೆಯಬೇಡಿ. ಕನ್ನಡಿಯಂತೆ ಹೊಳೆಯುವ, ಅದೇ ಯೋಧನಿರುವ ಹೊಸ ಡುಕಾಟ್‌ಗಳು ಸಂಗ್ರಾಹಕರಿಗೆಂದೇ ಹೊರಡುತ್ತವೆ. ಅವನ್ನು "ಪುರಾತನ" ಎಂದು ತೋರಿಸುವವರಿದ್ದಾರೆ. ಇಸವಿಯನ್ನು ಮೊದಲು ಓದಿ.

4. ಟೀಂತ್ಯೆಯನ್ನು ಓದಿ

ಇಲ್ಲಿ ಲ್ಯಾಟಿನ್ ಇಲ್ಲ, ಡಚ್ ಭಾಷೆಯಿದೆ. ಹಿಂಬದಿಯಲ್ಲಿ ಕಿರೀಟದ ಕೆಳಗೆ ಸಿಂಹವಿರುವ ಗುರಾಣಿ, ಅದರ ಒಂದು ಪಕ್ಕ 10, ಇನ್ನೊಂದು ಪಕ್ಕ ಗುಲ್ಡೆನ್ನಿನ ಮೊದಲ ಅಕ್ಷರ, ಸುತ್ತಲೂ ನೆದರ್ಲೆಂಡ್ಸ್ ರಾಜ್ಯದ ಹೆಸರು. ಮುಂಬದಿಯಲ್ಲಿ ದೊರೆಯ ಅಥವಾ ರಾಣಿಯ ಮುಖ. 1875ರಿಂದ 1889ರವರೆಗಿನವುಗಳಲ್ಲಿ ಗಡ್ಡಧಾರಿ ಮೂರನೆಯ ವಿಲ್ಲೆಮ್ ಇದ್ದಾನೆ.

ಆಮೇಲಿನವೆಲ್ಲ ರಾಣಿ ವಿಲ್ಹೆಲ್ಮಿನಾಳವು, ಮತ್ತು ಈ ಸರಣಿ ನನಗೆ ಬಹಳ ಇಷ್ಟ. 1880ರಲ್ಲಿ ಹುಟ್ಟಿದ ಆಕೆ ಹತ್ತನೆಯ ವಯಸ್ಸಿಗೇ ರಾಣಿಯಾದಳು. 1892ರಿಂದ 1897ರವರೆಗಿನ ನಾಣ್ಯದಲ್ಲಿ ಕೂದಲು ಬೆನ್ನಮೇಲೆ ಹರಡಿದ ಹುಡುಗಿ. ಅಧಿಕಾರ ವಹಿಸಿಕೊಂಡ 1898ರ ನಾಣ್ಯದಲ್ಲಿ ಕಿರೀಟ ಧರಿಸಿದ ತರುಣಿ. 1911ರಿಂದ 1917ರವರೆಗೆ ರಾಜವಸ್ತ್ರ ಹೊದ್ದ ಪ್ರೌಢೆ. 1925ರಿಂದ 1933ರವರೆಗೆ ನಡುವಯಸ್ಸು ದಾಟುತ್ತಿರುವ ಮುಖ. ಒಂದು ತಟ್ಟೆಯಲ್ಲಿ ನಾಲ್ಕನ್ನೂ ಸಾಲಾಗಿ ಇಟ್ಟರೆ ಒಂದು ಬದುಕೇ ಕಾಣುತ್ತದೆ. ನಾಲ್ಕು ಮುಖಗಳ ಈ ಸಣ್ಣ ಸಂಗ್ರಹ ಹೊಸಬರಿಗೆ ಒಳ್ಳೆಯ ಗುರಿ. ಹುಡುಗಿಯ ಮುಖಕ್ಕೆ 1897ರದನ್ನು ಆರಿಸಿಕೊಳ್ಳಿ, ಅದು ಸಿಗುತ್ತದೆ. 1892ರಲ್ಲಿ ಅಚ್ಚಾದವು 61 ಮಾತ್ರ, 1895ರಲ್ಲಿ 149 ಮಾತ್ರ. ಮುಖ ಒಂದೇ ಆದ್ದರಿಂದ 1897ರ ಕೊನೆಯ ಅಂಕಿಯನ್ನು ತಿದ್ದಿ 5 ಅಥವಾ 2 ಮಾಡುವ ಆಮಿಷ ಮೋಸಗಾರನಿಗೆ ಸಹಜವಾಗಿಯೇ ಇರುತ್ತದೆ. ಈ ಎರಡು ಇಸವಿಗಳ ನಾಣ್ಯ ಯಾರಾದರೂ ತೋರಿಸಿದರೆ, ಹೆಸರಾಂತ ಹರಾಜು ಸಂಸ್ಥೆಯ ಅಥವಾ ಪ್ರಮಾಣೀಕರಣ ಸಂಸ್ಥೆಯ ದಾಖಲೆ ಇಲ್ಲದೆ ಮಾತನ್ನೇ ಮುಂದುವರಿಸಬೇಡಿ. ವಿಲ್ಲೆಮ್‌ನ ಕಾಲದ 1880, 1885, 1886, 1887 ಮತ್ತು 1888ರ ನಾಣ್ಯಗಳೂ ಕಡಿಮೆ ಸಂಖ್ಯೆಯಲ್ಲಿ ಹೊರಟವು, ಆದರೆ ತಾಳ್ಮೆಯಿದ್ದರೆ ಸಿಗುತ್ತವೆ.

ಸಣ್ಣ ಗುರುತುಗಳನ್ನು ಹುಡುಕಿ. ದಂಡದ ಸುತ್ತ ಎರಡು ಹಾವು ಸುತ್ತಿಕೊಂಡಿರುವ ಮರ್ಕ್ಯುರಿ ದೇವತೆಯ ಕೋಲು ಉತ್ರೆಕ್ಟ್ ಟಂಕಸಾಲೆಯ ಗುರುತು. ಅದರ ಜೊತೆ ಟಂಕಸಾಲೆಯ ಆಗಿನ ಮುಖ್ಯಸ್ಥನ ಸ್ವಂತ ಗುರುತೊಂದು ಇರುತ್ತದೆ: ವಿಲ್ಲೆಮ್‌ನ ನಾಣ್ಯಗಳಲ್ಲಿ ಹೆಚ್ಚಾಗಿ ಕೊಡಲಿ, 1911ರಿಂದ ಮುಂದಿನವುಗಳಲ್ಲಿ ಕಡಲಕುದುರೆ. ಒಂದನೆಯ ವಿಲ್ಲೆಮ್‌ನ ಕೆಲವು ನಾಣ್ಯಗಳ ಮೇಲೆ ರೋಮನ್ ಲಿಪಿಯ ಬಿ ಅಕ್ಷರ ಕಂಡರೆ ಅದು ಬ್ರಸೆಲ್ಸ್‌ನಲ್ಲಿ ಅಚ್ಚಾದದ್ದು, ಬೆಲ್ಜಿಯಂ 1830ರಲ್ಲಿ ಬೇರೆಯಾಗುವ ಮುಂಚಿನದು. ಮುಖ, ಇಸವಿ, ಗುರುತು ಈ ಮೂರೂ ಒಂದಕ್ಕೊಂದು ಹೊಂದಬೇಕು. 1912ರ ಇಸವಿಯಿದ್ದು ಕೊಡಲಿಯ ಗುರುತಿದ್ದರೆ ಆ ನಾಣ್ಯವನ್ನು ಅಲ್ಲೇ ಕೆಳಗಿಡಿ.

5. ತೂಗಿ, ಅಳೆದು, ನೀರಿನಲ್ಲಿ ಪರೀಕ್ಷಿಸಿ

ಊರಿನಲ್ಲಿ ಚಿನ್ನವೆಂದ ಕೂಡಲೇ ಒರೆಗಲ್ಲಿಗೆ ಉಜ್ಜುವುದು ರೂಢಿ. ದಯವಿಟ್ಟು ನಾಣ್ಯವನ್ನು ಒರೆಗೆ ಹಚ್ಚಬೇಡಿ. ಅಂಚಿನಲ್ಲಿ ಉಳಿಯುವ ಆ ಗೀಟು ನಾಣ್ಯದ ಸಂಗ್ರಹಮೌಲ್ಯವನ್ನು ಶಾಶ್ವತವಾಗಿ ಕಡಿಮೆ ಮಾಡುತ್ತದೆ. ಆಮ್ಲದ ಪರೀಕ್ಷೆಯೂ ಬೇಡ. ಒಡವೆ ಅಂಗಡಿಗಳ ಕ್ಯಾರೆಟ್ ಯಂತ್ರದಿಂದ ನಾಣ್ಯಕ್ಕೆ ಹಾನಿಯಿಲ್ಲ, ಆದರೆ ಅದು ಮೇಲ್ಮೈಯನ್ನು ಮಾತ್ರ ಓದುತ್ತದೆ. ದಪ್ಪನೆಯ ಲೇಪನವಿದ್ದರೆ ಮೋಸಹೋಗುತ್ತದೆ.

ಮನೆಯಲ್ಲೇ ಮಾಡಬಹುದಾದ ಉತ್ತಮ ಪರೀಕ್ಷೆ ಸಾಂದ್ರತೆಯದು, ಅಂದರೆ ಒಂದೇ ಗಾತ್ರದ ನೀರಿಗಿಂತ ಈ ಲೋಹ ಎಷ್ಟು ಪಟ್ಟು ಭಾರ ಎಂದು ನೋಡುವುದು. ಮೊದಲು ನಾಣ್ಯವನ್ನು ಹಾಗೆಯೇ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ದಾರದಲ್ಲಿ ಕಟ್ಟಿದ ನಾಣ್ಯವನ್ನು ಪೂರ್ತಿ ಮುಳುಗುವಂತೆ, ಆದರೆ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ, ಕೈಯಲ್ಲಿ ಹಿಡಿದುಕೊಳ್ಳಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ.

ಒಳ್ಳೆಯ ಟೀಂತ್ಯೆ ಸುಮಾರು 0.39 ಗ್ರಾಂ ನೀರನ್ನು ತಳ್ಳುತ್ತದೆ, 6.729ನ್ನು 0.39ರಿಂದ ಭಾಗಿಸಿದರೆ ಸುಮಾರು 17.2 ಬರುತ್ತದೆ. ಡುಕಾಟ್‌ನಲ್ಲಿ ಚಿನ್ನ ಹೆಚ್ಚಿರುವುದರಿಂದ ಉತ್ತರ 19ರ ಹತ್ತಿರ ಬರಬೇಕು, ತಳ್ಳುವ ನೀರು ಸುಮಾರು 0.185 ಗ್ರಾಂ. ಹಿತ್ತಾಳೆಗೆ ಚಿನ್ನದ ನೀರು ಕುಡಿಸಿದ್ದಾದರೆ ಉತ್ತರ 8 ಅಥವಾ 9ರ ಸುತ್ತ ಬಂದು ಕೂಡಲೇ ಬಯಲಾಗುತ್ತದೆ. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ 19.25 ಆಗಿರುವುದರಿಂದ ಶುದ್ಧ ಚಿನ್ನಕ್ಕೆ ಬಹಳ ಹತ್ತಿರ. ಆದ್ದರಿಂದ ಟೀಂತ್ಯೆಯ ಉತ್ತರ 17.2ಕ್ಕಿಂತ ಬಹಳ ಹೆಚ್ಚು ಬಂದರೂ ಅನುಮಾನಿಸಬೇಕು.

ಇಲ್ಲಿ ಆಗುವ ತಪ್ಪುಗಳು ಎರಡು. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆಗಳು ಲೆಕ್ಕ ಕೆಡಿಸುತ್ತವೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ನಾಣ್ಯವನ್ನು ಮೆಲ್ಲಗೆ ಅಲುಗಿಸಿದರೆ ಗುಳ್ಳೆಗಳು ಬಿಡುತ್ತವೆ. ಇನ್ನೊಂದು, 0.01 ಗ್ರಾಂ ತೋರಿಸುವ ಅಗ್ಗದ ತಕ್ಕಡಿ. ಡುಕಾಟ್‌ಗೆ ಅದು 0.18 ಎಂದು ತೋರಿಸಿದರೆ ಉತ್ತರ 19.4, 0.19 ಎಂದರೆ 18.4. ಇಷ್ಟು ಓಲಾಡುವ ಉತ್ತರದಿಂದ ಏನನ್ನೂ ತೀರ್ಮಾನಿಸಲಾಗದು. ಸಾಮಗ್ರಿಯ ಪಟ್ಟಿಯಲ್ಲಿ 0.001ರ ತಕ್ಕಡಿ ಎಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಎಲ್ಲ ಪರೀಕ್ಷೆಯಲ್ಲಿ ಗೆದ್ದರೂ ನಾಣ್ಯ ನಿಜವಾದದ್ದೇ ಎಂದು ಹೇಳುವಂತಿಲ್ಲ. ಸರಿಯಾದ ತೂಕದ, ಸರಿಯಾದ ಶುದ್ಧತೆಯ ಚಿನ್ನದಿಂದಲೇ ವಿರಳ ಇಸವಿಗಳ ನಕಲಿ ಮಾಡುವವರಿದ್ದಾರೆ. ಲೋಹವನ್ನು ತಕ್ಕಡಿ ಹೇಳುತ್ತದೆ, ಅಚ್ಚನ್ನು ನಿಮ್ಮ ಕಣ್ಣೇ ಹೇಳಬೇಕು. ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳಲ್ಲಿರುವ ದೊಡ್ಡ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂದಲಿನ ಎಳೆ, ಅಂಕಿಯ ಬಾಲ, ಅಂಚಿನ ಸುತ್ತ ಟಂಕಸಾಲೆಯಲ್ಲೇ ಮೂಡಿಸಿದ ಸಣ್ಣ ಗೀರುಗಳನ್ನು ಹೋಲಿಸಿ.

6. ಸ್ಥಿತಿಯನ್ನು ಅಳೆಯಿರಿ, ಬೆಸುಗೆಯನ್ನು ಹುಡುಕಿ

ಡಚ್ ಮಾರಾಟಗಾರರು ನಾಣ್ಯದ ಸ್ಥಿತಿಗೆ ಬಳಸುವ ಪದಗಳು ಇವು: "ಫ್ರಾಯ್" ಎಂದರೆ ಚೆನ್ನಾಗಿಯೇ ಸವೆದದ್ದು, "ಜೇರ್ ಫ್ರಾಯ್" ಎಂದರೆ ಸವೆದಿದ್ದರೂ ವಿವರಗಳು ಸ್ಪಷ್ಟವಾಗಿ ಉಳಿದದ್ದು, "ಪ್ರಾಖ್ತಿಖ್" ಎಂದರೆ ಬಹಳ ಕಡಿಮೆ ಸವೆದದ್ದು, "ಎಫ್‌ಡಿಸಿ" ಎಂದರೆ ಟಂಕಸಾಲೆಯಿಂದ ಆಗಷ್ಟೇ ಬಂದಂತಿರುವುದು. "ಫ್ರಾಯ್" ಎಂಬ ಪದಕ್ಕೆ ನಿಘಂಟಿನಲ್ಲಿ "ಸುಂದರ" ಎಂಬ ಅರ್ಥವಿದೆ. ಅದನ್ನು ನಂಬಿ ಸವಕಲು ನಾಣ್ಯಕ್ಕೆ ಸುಂದರ ನಾಣ್ಯದ ಬೆಲೆ ಕೊಡಬೇಡಿ. ಸವೆತ ಮೊದಲು ಕಾಣುವುದು ಎತ್ತರದ ಭಾಗಗಳಲ್ಲಿ: ಡುಕಾಟ್‌ನಲ್ಲಿ ಯೋಧನ ಎದೆ ಮತ್ತು ಮೊಣಕಾಲು, ಟೀಂತ್ಯೆಯಲ್ಲಿ ಕಿವಿಯ ಮೇಲಿನ ಕೂದಲು.

ಸವೆತಕ್ಕಿಂತ ಹೆಚ್ಚು ಹಾನಿ ಮಾಡುವುದು ಒಡವೆಯಾಗಿ ಬಳಸಿದ ಗುರುತು. ಚಿನ್ನದ ನಾಣ್ಯವನ್ನು ಕೊರಳಿಗೆ ಹಾಕಿಕೊಳ್ಳುವುದು ನಮ್ಮಲ್ಲಷ್ಟೇ ಅಲ್ಲ, ಯುರೋಪಿನಲ್ಲಿಯೂ ಇತ್ತು. ಕೊಂಡಿಯನ್ನು ಕಿತ್ತು, ಬೆಸುಗೆಯನ್ನು ಅರದಿಂದ ಉಜ್ಜಿ, ಮೆರುಗು ಕೊಟ್ಟು ಮಾರುತ್ತಾರೆ. ನಾನು ಕೊಂಡ ಮೊದಲ ಟೀಂತ್ಯೆಯೇ ಅಂಥದ್ದು. ಮೂರು ವರ್ಷಗಳ ನಂತರ ಹಿರಿಯ ಸಂಗ್ರಾಹಕರೊಬ್ಬರು ಅದರ ಅಂಚನ್ನು ಬೆಳಕಿಗೆ ಹಿಡಿದು, ದೊರೆಯ ನೆತ್ತಿಯ ನೇರಕ್ಕೆ ಐದಾರು ಗೀರುಗಳು ಮಾಯವಾಗಿರುವುದನ್ನು ತೋರಿಸಿದರು. ಆದ್ದರಿಂದ ಮುಖ ನೋಡುವ ಮೊದಲು ಅಂಚು ನೋಡಿ. ನಾಣ್ಯವನ್ನು ಎರಡು ಬೆರಳುಗಳ ನಡುವೆ ಹಿಡಿದು ಪೂರ್ತಿ ಒಂದು ಸುತ್ತು ತಿರುಗಿಸಿ. ಗೀರುಗಳು ಎಲ್ಲಿಯಾದರೂ ಮಸುಕಾಗಿವೆಯೇ, ಬಣ್ಣ ಬೇರೆಯಾಗಿದೆಯೇ, ವ್ಯಾಸ ಒಂದು ದಿಕ್ಕಿನಲ್ಲಿ ಕಡಿಮೆಯಿದೆಯೇ ಎಂದು ಕ್ಯಾಲಿಪರ್‌ನಿಂದ ನಾಲ್ಕು ಕಡೆ ಅಳೆಯಿರಿ. ಡುಕಾಟ್‌ನಲ್ಲಿ ತೂತು ಮುಚ್ಚಿದ ಕಲೆ, ಮಡಿಸಿ ನೆಟ್ಟಗೆ ಮಾಡಿದ ಅಲೆ, ಕತ್ತರಿಸಿದ ಅಂಚು ಇವನ್ನೂ ನೋಡಬೇಕು. ತೂಕ 3.4 ಗ್ರಾಂಗಿಂತ ಕಡಿಮೆ ಬಂದರೆ ಕಾರಣ ಹುಡುಕದೆ ಬಿಡಬೇಡಿ.

ಹಡಗು ಮುಳುಗಿ ಸಮುದ್ರತಳದಲ್ಲಿ ಉಳಿದ ಡುಕಾಟ್‌ಗಳು ಇದಕ್ಕೆ ಅಪವಾದ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಆಕೆರೆಂಡಾಮ್ ಎಂಬ ಹಡಗು 1725ರಲ್ಲಿ ನಾರ್ವೆಯ ರುಂಡೆ ದ್ವೀಪದ ಬಳಿ ಮುಳುಗಿತು. 1972ರಲ್ಲಿ ಮುಳುಗುಗಾರರಿಗೆ ಅದರ ನಾಣ್ಯಗಳು ಸಿಕ್ಕವು. ಅಂಥ ಡುಕಾಟ್‌ಗಳು ಕೈಯಿಂದ ಕೈಗೆ ಹೋಗದ ಕಾರಣ ಕೆಲವೊಮ್ಮೆ ಆಶ್ಚರ್ಯವಾಗುವಷ್ಟು ಹೊಸದಾಗಿರುತ್ತವೆ. ಆದರೆ ಹಡಗಿನ ಹೆಸರಿಗಾಗಿ ಹೆಚ್ಚು ಹಣ ಕೊಡುವುದಾದರೆ ಆ ಮೂಲಕ್ಕೆ ಕಾಗದಪತ್ರ ಕೇಳಿ. ಪತ್ರವಿಲ್ಲದ ಕಥೆಗೆ ಬೆಲೆಯಿಲ್ಲ.

7. ಬೆಲೆಯನ್ನು ಲೆಕ್ಕ ಹಾಕಿ

ಟೀಂತ್ಯೆಯಲ್ಲಿ ಶುದ್ಧ ಚಿನ್ನ 6.056 ಗ್ರಾಂ, ಡುಕಾಟ್‌ನಲ್ಲಿ 3.435 ಗ್ರಾಂ. ಆ ದಿನದ 24 ಕ್ಯಾರೆಟ್ ದರದಿಂದ ಗುಣಿಸಿ. ಲೆಕ್ಕಕ್ಕೆಂದು ಗ್ರಾಂಗೆ 10,000 ರೂಪಾಯಿ ಎಂದುಕೊಂಡರೆ ಟೀಂತ್ಯೆಯ ಚಿನ್ನದ ಬೆಲೆ 60,560, ಡುಕಾಟ್‌ದು 34,350. ಮಾರಾಟಗಾರ ಕೇಳುವ ಬೆಲೆಯಿಂದ ಇದನ್ನು ಕಳೆದರೆ ಉಳಿಯುವುದು ಚರಿತ್ರೆಗೆ, ಸ್ಥಿತಿಗೆ, ವಿರಳತೆಗೆ ಕೊಡುವ ಹಣ. ಈ ಎರಡನೆಯ ಭಾಗವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. 1917 ಅಥವಾ 1933ರ ಟೀಂತ್ಯೆಗೆ ಆ ಭಾಗ ಸಣ್ಣದಾಗಿರಬೇಕು. ದೊಡ್ಡದಾಗಿದ್ದರೆ ಏಕೆಂದು ಕೇಳಿ.

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯ ಬೆಲೆಯಲ್ಲ. ಅದರ ಮೇಲೆ ಸಂಸ್ಥೆಯು ಕೊಳ್ಳುವವನಿಂದ ಪಡೆಯುವ ಶುಲ್ಕವನ್ನು ಡಚ್ಚರು "ಒಪ್‌ಗೆಲ್ಡ್" ಎನ್ನುತ್ತಾರೆ. ಶೇಕಡಾ 20ರ ಆಸುಪಾಸಿನ ಶುಲ್ಕ ಅಪರೂಪವಲ್ಲ. ನಿಯಮಗಳನ್ನು ಓದಿದ ಮೇಲೆಯೇ ಕೂಗಿ. ಯುರೋಪ್ ಒಕ್ಕೂಟದಲ್ಲಿ 1800ರ ನಂತರ ಅಚ್ಚಾದ, ಸಾವಿರಕ್ಕೆ 900ಕ್ಕೆ ಕಡಿಮೆಯಿಲ್ಲದ ಶುದ್ಧತೆಯ ನಾಣ್ಯವು ಹೂಡಿಕೆಯ ಚಿನ್ನವೆಂಬ ವರ್ಗಕ್ಕೆ ಸೇರಿ ಮೌಲ್ಯವರ್ಧಿತ ತೆರಿಗೆಯಿಂದ ಹೊರಗುಳಿಯಬಹುದು. ಮಾರುವ ಬೆಲೆ ಚಿನ್ನದ ಬೆಲೆಗಿಂತ ಶೇಕಡಾ 80ಕ್ಕೂ ಹೆಚ್ಚಾಗಿರಬಾರದೆಂಬ ಷರತ್ತಿದೆ. ಗಣರಾಜ್ಯದ ಕಾಲದ ಡುಕಾಟ್‌ಗೆ ಈ ರಿಯಾಯಿತಿ ಇಲ್ಲ.

8. ಕೊಳ್ಳುವಾಗ ಮತ್ತು ಗಡಿ ದಾಟಿಸುವಾಗ

ರಸೀದಿ ಕೊಡದವರಿಂದ, ಅಂಚನ್ನು ನೋಡಲು ಬಿಡದವರಿಂದ, ಈಗಲೇ ಹಣ ಕಟ್ಟಿ ಎಂದು ಅವಸರಪಡಿಸುವವರಿಂದ ಕೊಳ್ಳಬೇಡಿ. ಎನ್‌ಜಿಸಿ ಅಥವಾ ಪಿಸಿಜಿಎಸ್‌ನಂಥ ಪ್ರಮಾಣೀಕರಣ ಸಂಸ್ಥೆಯ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಾಣ್ಯವಿದ್ದರೆ, ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ, ಅಲ್ಲಿನ ಚಿತ್ರಕ್ಕೂ ಕೈಯಲ್ಲಿರುವುದಕ್ಕೂ ಹೋಲಿಸಿ. ಪೆಟ್ಟಿಗೆಗಳಿಗೂ ನಕಲಿ ಬಂದಿವೆ.

ನೆದರ್ಲೆಂಡ್ಸಿನಿಂದ ಊರಿಗೆ ತರುವವರು ಗಮನಿಸಬೇಕು: ಭಾರತಕ್ಕೆ ಬರುವ ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಇರುವ ರಿಯಾಯಿತಿ ಒಡವೆಗೆ ಮಾತ್ರ, ನಾಣ್ಯಕ್ಕಲ್ಲ. ವಿಮಾನ ನಿಲ್ದಾಣದಲ್ಲಿ ಕೆಂಪು ದಾರಿಯಲ್ಲಿ ಹೋಗಿ, ರಸೀದಿ ತೋರಿಸಿ, ಘೋಷಿಸಿ. ಅಂಚೆಯಲ್ಲಿ ತರಿಸುವ ಮುನ್ನ ಸೀಮಾಸುಂಕದ ಈಗಿನ ನಿಯಮವನ್ನು ಅನುಭವಿ ಏಜೆಂಟರಿಂದ ಲಿಖಿತವಾಗಿ ತಿಳಿದುಕೊಳ್ಳಿ, ಏಕೆಂದರೆ ಚಿನ್ನದ ಆಮದಿನ ನಿಯಮಗಳು ಬದಲಾಗುತ್ತಲೇ ಇರುತ್ತವೆ.

ಇನ್ನೂ ಗಂಭೀರವಾದದ್ದು ಹೊರಗೆ ಒಯ್ಯುವ ವಿಚಾರ. ಭಾರತದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವೂ ಪುರಾವಸ್ತು. ಅದನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಮತ್ತು ಅಂಥವನ್ನು ಮಾರುವ ವ್ಯಾಪಾರಿಗೆ ಪರವಾನಗಿ ಬೇಕು. ಆದ್ದರಿಂದ ಮನೆಯ ಹಿರಿಯರ ನಾಣ್ಯವನ್ನು ಪರೀಕ್ಷೆಗೆಂದು ಆಮ್‌ಸ್ಟರ್‌ಡಾಮಿಗೆ ಜೇಬಿನಲ್ಲಿಟ್ಟುಕೊಂಡು ಬರುವ ಯೋಚನೆ ಬೇಡ. ಎರಡೂ ಬದಿಯ ಮತ್ತು ಅಂಚಿನ ಒಳ್ಳೆಯ ಚಿತ್ರ, ತೂಕ, ವ್ಯಾಸ ಇಷ್ಟನ್ನು ಕಳಿಸಿದರೆ ಮೊದಲ ಅಭಿಪ್ರಾಯಕ್ಕೆ ಸಾಕು. ನೂರು ವರ್ಷದ ಗೆರೆ ಪ್ರತಿ ವರ್ಷ ಮುಂದಕ್ಕೆ ಸರಿಯುತ್ತದೆ: 1911ರ ಟೀಂತ್ಯೆ ಅದನ್ನು ದಾಟಿಯಾಗಿದೆ, 1933ರದು 2033ರಲ್ಲಿ ದಾಟುತ್ತದೆ. ಹೊಲದಲ್ಲೋ ಹಳೆ ಮನೆಯ ಗೋಡೆಯಲ್ಲೋ ನಾಣ್ಯ ಸಿಕ್ಕರೆ ಅದು ನಿಧಿಯ ಕಾನೂನಿಗೆ ಒಳಪಡುತ್ತದೆ. ಕೊಳ್ಳಲೂ ಬೇಡಿ, ಮಾರಲೂ ಬೇಡಿ, ಜಿಲ್ಲಾಡಳಿತಕ್ಕೆ ತಿಳಿಸಿ.

9. ಇಡುವುದು ಮತ್ತು ಬರೆದಿಡುವುದು

ತೊಳೆಯಬೇಡಿ. ಹುಣಸೆಹಣ್ಣು, ಅಂಟುವಾಳ, ಟೂತ್‌ಪೇಸ್ಟ್, ಒಡವೆಗೆ ಹಾಕುವ ಮೆರುಗಿನ ಪುಡಿ ಯಾವುದೂ ಬೇಡ. ಟೀಂತ್ಯೆಯಲ್ಲಿರುವ ತಾಮ್ರದಿಂದ ಬಂದ ಕೆಂಪು ಛಾಯೆ ಕೊಳೆಯಲ್ಲ, ಅದು ಅದರ ವಯಸ್ಸಿನ ಬಣ್ಣ. ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆಯ ಚೀಲಗಳಿಂದ ಹಸಿರು ಅಂಟು ಬಿಡುತ್ತದೆ. ಗಟ್ಟಿ ಕ್ಯಾಪ್ಸೂಲ್ ಅಥವಾ ಮೈಲಾರ್ ಹಾಳೆಯ ಚೌಕಗಳನ್ನು ಬಳಸಿ. ಡುಕಾಟ್‌ಗೆ 21, ಟೀಂತ್ಯೆಗೆ 22.5 ಮಿ.ಮೀ. ಒಳವ್ಯಾಸದ ಕ್ಯಾಪ್ಸೂಲ್ ಬೇಕು; ಸಡಿಲವಾದದ್ದರಲ್ಲಿ ನಾಣ್ಯ ಅಲುಗಾಡಿ ಅಂಚು ಸವೆಯುತ್ತದೆ. ಹಿಡಿಯುವಾಗ ಅಂಚನ್ನೇ ಹಿಡಿಯಿರಿ. ಬ್ಯಾಂಕಿನ ಲಾಕರ್‌ನಲ್ಲಿ ಇಡುವುದಾದರೆ ತೇವ ಹೀರುವ ಸಿಲಿಕಾ ಪೊಟ್ಟಣ ಜೊತೆಗಿರಲಿ, ಚಿತ್ರಗಳು ಮನೆಯಲ್ಲಿರಲಿ.

ನೋಡಿ ಕಲಿಯಲು ಆಮ್‌ಸ್ಟರ್‌ಡಾಮಿನಲ್ಲಿ ನೆದರ್ಲೆಂಡ್ಸಿನ ಕೇಂದ್ರ ಬ್ಯಾಂಕು ಕಾಯ್ದಿರುವ ರಾಷ್ಟ್ರೀಯ ನಾಣ್ಯ ಸಂಗ್ರಹವೂ ಹಾರ್ಲೆಮ್‌ನ ಟೇಲರ್ಸ್ ವಸ್ತುಸಂಗ್ರಹಾಲಯದ ನಾಣ್ಯಗಳೂ ಇವೆ. ನಿಜವಾದ ಡುಕಾಟನ್ನು ಗಾಜಿನ ಆಚೆಯಿಂದಲಾದರೂ ಹತ್ತಾರು ಬಾರಿ ನೋಡಿದ ಕಣ್ಣಿಗೆ ನಕಲಿ ಬೇಗ ತಿಳಿಯುತ್ತದೆ.

ಪ್ರತಿ ನಾಣ್ಯಕ್ಕೂ ಒಂದು ಪುಟದ ದಾಖಲೆ ಬರೆಯಿರಿ, ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿಯೇ ಬರೆಯಿರಿ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: "ಡುಕಾಟ್, ಉತ್ರೆಕ್ಟ್, 1724. ತೂಕ 3.472 ಗ್ರಾಂ. ನೀರಿನ ಪರೀಕ್ಷೆ 18.9. ಯೋಧನ ಮೊಣಕಾಲು ಸವೆದಿದೆ, ಬರಹ ಪೂರ್ತಿ ಓದಲು ಬರುತ್ತದೆ. ಅಂಚಿನಲ್ಲಿ ಬೆಸುಗೆ ಇಲ್ಲ, ಎಡಭಾಗದಲ್ಲಿ ಸಣ್ಣ ಅಲೆ. ಹರಾಜಿನಲ್ಲಿ ಕೊಂಡದ್ದು, ರಸೀದಿ ಹಿಂದೆ ಅಂಟಿಸಿದೆ. ಚಿನ್ನದ ಬೆಲೆ ಇಷ್ಟು, ಮೇಲೆ ಕೊಟ್ಟದ್ದು ಇಷ್ಟು. ಮಾರುವುದಾದರೆ ಒಡವೆ ಅಂಗಡಿಗೆ ಕೊಡಬೇಡಿ, ನಾಣ್ಯ ಬಲ್ಲವರಿಗೆ ತೋರಿಸಿ."